ಕೊನೆಯ ಕೊಡಪಾನ

ಮಗಳು ಮೂರನೆಯ ಸಲ ಎದ್ದು ಹಿತ್ತಿಲ ಕಡೆಗೆ ಓಡಿದಾಗ ಅಮ್ಮಣಿಗೆ ಸಂಶಯ ಉಳಿಯಲಿಲ್ಲ. ಮೊದಲನೆಯ ಸಲ ಅಜೀರ್ಣ ಎಂದುಕೊಂಡಿದ್ದಳು. ಎರಡನೆಯ ಸಲ, ನಿನ್ನೆಯ ಮೀನು ಸಾರು ಹಳಸಿತ್ತೋ ಏನೋ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು. ಈಗ ಕಿನ್ನಿ ಹೊಸ್ತಿಲು ದಾಟುವ ಮೊದಲೇ ಕುಸಿದು ಕುಳಿತು ವಾಂತಿಯನ್ನೂ ಮಾಡಿಕೊಂಡಳು. ಬೆಳಗಿನ ಬೆಳಕು ಆಗ ತಾನೇ ತೆಂಗಿನ ಮಡಲಿನ ಮಾಡಿನ ಸಂದಿಯಿಂದ ಇಳಿಯುತ್ತಿತ್ತು. ನೆಲದ ಮೇಲೆ ಹರಿದದ್ದು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು.

ಆ ಬಿಳಿ ನೀರನ್ನು ಅಮ್ಮಣಿ ಬಲ್ಲಳು. ಬೇಸಗೆಯ ಪಗ್ಗು ತಿಂಗಳು ಹುಟ್ಟಿದ ಮೇಲೆ ಕೇರಿಯ ಒಂಬತ್ತು ಮನೆಗಳಲ್ಲಿ ಕಂಡಿದ್ದಳು. ಒಂಬತ್ತರಲ್ಲಿ ಆರು ಮನೆಗಳಿಂದ ಹೆಣ ಹೊರಟಿತ್ತು.

"ಅಮ್ಮಾ, ಬಾಯಾರ್ತದೆ," ಎಂದಳು ಕಿನ್ನಿ. ಹದಿನೇಳು ವರ್ಷದವಳು. ನಿನ್ನೆ ಸಂಜೆ ಅಂಗಳದಲ್ಲಿ ಬಲೆಯ ಹರಕು ಹೊಲಿಯುತ್ತಾ ನೆರೆಮನೆಯವರ ಜೊತೆ ನಗಾಡುತ್ತಿದ್ದವಳ ಸ್ವರ ಈಗ ಕಿವಿಗೊಟ್ಟರೆ ಮಾತ್ರ ಕೇಳುವಂತಿತ್ತು. ಬೆರಳುಗಳ ತುದಿ, ಇಡೀ ದಿನ ಬಟ್ಟೆ ಒಗೆದವಳ ಕೈಯಂತೆ ಸುಕ್ಕುಗಟ್ಟಿತ್ತು.

ಅಮ್ಮಣಿ ಸೆರಗಿನ ತುದಿಯಿಂದ ಮಗಳ ಬಾಯಿ ಒರೆಸಿದಳು. ಇನ್ನು ಅರ್ಧ ತಾಸಿನಲ್ಲಿ ಗಂಟೆ ಹೊಡೆಯುತ್ತದೆ. ಹೊಡೆದ ಕೂಡಲೇ ಅವಳು ನಡುಬಾವಿಯ ಕಟ್ಟೆ ಹತ್ತಬೇಕು, ಹಗ್ಗ ಹಿಡಿಯಬೇಕು, ಅರುವತ್ತು ಮನೆಗಳ ಕೊಡಪಾನಗಳಿಗೆ ನೀರು ಹೊಯ್ಯಬೇಕು. ಅದೂ ಮಗಳ ಬಾಯಿ ಒರೆಸಿದ ಇದೇ ಕೈಯಿಂದ.

ಈ ಕೆಲಸ ಅವಳ ಕೊರಳಿಗೆ ಹೇಗೆ ಬಂತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಮಂಗಳೂರಿನ ಬಂದರು ದಕ್ಕೆಯ ತೆಂಕು ಬದಿಗೆ, ಹೊಳೆಗೆ ಬೆನ್ನು ಹಾಕಿ ಕುಳಿತ ಕೇರಿ ಅದು. ಮೀನು ಹಿಡಿಯುವ ಮೊಗವೀರರು, ಕಳ್ಳು ಇಳಿಸುವ ಬಿಲ್ಲವರು, ದಕ್ಕೆಯಲ್ಲಿ ಮೂಟೆ ಹೊರುವ ಮುಸ್ಲಿಂ ಬ್ಯಾರಿಗಳು, ಒಬ್ಬರ ಮಾಡಿನ ನೀರು ಇನ್ನೊಬ್ಬರ ಅಂಗಳಕ್ಕೆ ಬೀಳುವಷ್ಟು ಹತ್ತಿರ ಇದ್ದರು. ಬಾವಿ ಮಾತ್ರ ಮೂವರಿಗೂ ಬೇರೆ ಬೇರೆ. ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಆ ಬೇಸಗೆಯಲ್ಲಿ ಕೇರಿಗೆ ಬಂದ ಕಾಲರಾಕ್ಕೆ ಈ ಭೇದ ಗೊತ್ತಿರಲಿಲ್ಲ. ಮುನ್ಸಿಪಾಲ್ಟಿಯವರು ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜನ. ಐದನೆಯ ಹೆಣ ಹೋದ ಮೇಲಾದರೂ ಬಂದರು ಎನ್ನಬೇಕು. ಎರಡು ಬಾವಿಗಳಿಗೆ ಹಲಗೆ ಹೊಡೆದರು. ನಡುಬಾವಿಗೆ ಕೆಂಪು ಮದ್ದು ಹಾಕಿದರು. ನೀರು ಪುನರ್ಪುಳಿ ಸಾರಿನ ಬಣ್ಣಕ್ಕೆ ತಿರುಗಿತು. ಇನ್ನು ಎಲ್ಲರಿಗೂ ಇದೊಂದೇ ಬಾವಿ, ಒಂದೇ ಹಗ್ಗ, ಒಂದೇ ಬಾಲ್ದಿ, ಎಳೆಯುವ ಕೈಯೂ ಒಂದೇ ಎಂದು ಅಪ್ಪಣೆ ಕೊಟ್ಟು, ಉಳಿದದ್ದನ್ನು ಲೋಕಯ್ಯ ಮಾಸ್ಟ್ರ ತಲೆಗೆ ಕಟ್ಟಿ ಹೋದರು.

ಲೋಕಯ್ಯ ಮಾಸ್ಟ್ರು ಕೇರಿಯ ಶಾಲೆಯಲ್ಲಿ ಕಲಿಸುವವರು, ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಎಂಟು ಮಂದಿ ಸ್ವಯಂಸೇವಕರಿಗೆ ಮುಂದಾಳು. ಸಾಧು ಮನುಷ್ಯ, ಇರುವೆಗೂ ದಾರಿ ಬಿಟ್ಟು ನಡೆಯುವವರು. ಯಾರ ಕೈ ಎಂಬ ಪ್ರಶ್ನೆ ಅವರ ಮೂರು ಸಂಜೆಗಳನ್ನು ನುಂಗಿತು. ಮೊಗವೀರರು ಎಳೆದರೆ ಬಿಲ್ಲವರಿಗೆ ಆಗದು, ಬಿಲ್ಲವರು ಎಳೆದರೆ ಮೊಗವೀರರಿಗೆ ಆಗದು. ಬ್ಯಾರಿಗಳ ಕೈ ಎಂಬ ಮಾತನ್ನು ಯಾರೂ ಎತ್ತಲೇ ಇಲ್ಲ. ಕೊನೆಗೆ ಬಿಲ್ಲವರ ಬಾಗಿ ಮುದುಕಿ, ಎಲುಬಿಲ್ಲದ ನಾಲಿಗೆಗೆ ಹೆಸರು ಹೋದವಳು, ಎದ್ದು ನಿಂತು ಕೇಳಿದಳು: "ಇಷ್ಟು ವರ್ಷ ಅಮ್ಮಣಿಯ ಬುಟ್ಟಿಯ ಮೀನು ತಿಂದದ್ದು ಯಾರ ಬಾಯಿ? ಅವಳ ಕೈಯ ಮೀನು ಆಗ್ತದೆ, ನೀರು ಆಗುದಿಲ್ವಾ?"

ಗಂಡ ಕಡಲಿಗೆ ಹೋದವನು ತಿರುಗಿ ಬಾರದ ಮೇಲೆ ಹದಿನಾಲ್ಕು ವರ್ಷ ಮೀನು ಹೊತ್ತು ಮಗಳನ್ನು ಸಾಕಿದ ಮೊಗವೀರರ ಅಮ್ಮಣಿಯ ಕೈಗೆ ಹೀಗೆ ಹಗ್ಗ ಬಂತು.

ಬಂದ ಮೇಲೆ ಅವಳು ಸುಮ್ಮನೆ ಹಿಡಿಯಲಿಲ್ಲ. ಮಾಸ್ಟ್ರು ಒಂದು ನಿಯಮ ಹೇಳಿದರೆ ಎರಡು ಮಾಡಿದಳು. ಕಾಯಿಲೆಯ ಮನೆಯವರು ಕಟ್ಟೆಯ ಹತ್ತಿರ ಸುಳಿಯಬಾರದು. ಅವರ ಮನೆಗೆ ಸ್ವಯಂಸೇವಕರು ನೀರು ಮುಟ್ಟಿಸುತ್ತಾರೆ. ಅಕ್ಕಿ ಕುಟ್ಟಿ ಬದುಕುವ ಬ್ಯಾರಿ ವಿಧವೆ ಶರೀಫಾ ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದಳು. ಅವಳ ಮಗ ಶುಕೂರ್ ವಾಂತಿ ಮಾಡಿದ ಸುದ್ದಿ ಯಾರೋ ಉಸುರಿದ್ದೇ ತಡ, ಅಮ್ಮಣಿ ಕಟ್ಟೆಯ ಮೇಲಿನಿಂದಲೇ ಗುಡುಗಿದಳು. "ಮನೆಯಲ್ಲಿ ಮಾರಿಯನ್ನು ಮಲಗಿಸಿ ಇಲ್ಲಿ ಬಂದು ನಿಲ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಂಗೆ? ಹೋಗು, ಆಚೆ ಹೋಗು!" ಅವಳ ಕೊಡಪಾನವನ್ನು ಕಾಲಿನಿಂದ ದೂಡಿದ್ದೂ ಹೌದು. ಇಡೀ ಕೇರಿ ನೋಡುತ್ತಿತ್ತು.

ಆ ದಿನವೇ ಮುನ್ಸಿಪಾಲ್ಟಿಯ ಎತ್ತಿನ ಗಾಡಿ ತಾಯಿಮಗನನ್ನು ಗುಡ್ಡೆಯ ಮೇಲಿನ ಕಾಲರಾ ಶೆಡ್ಡಿಗೆ ಒಯ್ದಿತು. ಶೆಡ್ಡಿನಲ್ಲಿ ನರಕ್ಕೆ ಸಮುದ್ರದ ನೀರು ಚುಚ್ಚುತ್ತಾರೆ, ಹೋದವರು ಬರುವುದಿಲ್ಲ ಎಂದು ಕೇರಿಯೆಲ್ಲ ಹೇಳುತ್ತಿತ್ತು. ನಿಜಕ್ಕೂ ಹೋದವರಲ್ಲಿ ಅರ್ಧ ಮಂದಿ ಬಂದಿರಲಿಲ್ಲ. ಶುಕೂರ್ ಎಂಟನೆಯ ದಿನ ಕಡ್ಡಿಯಂತಾಗಿ ತಿರುಗಿ ಬಂದ. ಶರೀಫಾ ಮತ್ತೆ ಸಾಲಿಗೆ ಬಂದಳು, ನೀರು ಹೊಯ್ಯಿಸಿಕೊಂಡಳು. ಆದರೆ ಅಮ್ಮಣಿಯ ಮುಖ ನೋಡಿ ಒಂದು ಮಾತೂ ಆಡಲಿಲ್ಲ.

ಶುಕೂರನ ನಂತರ ಹೊಸ ಕಾಯಿಲೆ ಇಲ್ಲ. ಇವತ್ತಿಗೆ ಹನ್ನೆರಡು ದಿನ.

ಅಮ್ಮಣಿ ಮಗಳನ್ನು ಚಾಪೆಗೆ ಎಳೆದು ತಂದು ಮಲಗಿಸಿದಳು. "ನೀನು ಎಂತ ಕುಡಿದದ್ದು ಕಿನ್ನಿ? ನಾನು ತಂದ ನೀರಲ್ಲದೆ ಬೇರೆ ಎಂತ ಕುಡಿದೆ? ಸರೀ ಹೇಳು."

ಕಿನ್ನಿ ಕಣ್ಣು ಮುಚ್ಚಿದಳು. "ಮೊನ್ನೆ ನೀರು ಇರ್ಲಿಲ್ಲ ಅಲ್ವಾ ಅಮ್ಮ. ನೀನು ಖಾಲಿ ಕೊಡ ತಂದೆ. ಅನ್ನ ಮಾಡ್ಲಿಕ್ಕೆ ಹೊಳೆ ಬದಿಯ ಗುಂಡಿಯಿಂದ ತಂದೆ. ಬಾಯಾರಿತು, ಎರಡು ಲೋಟ ಕುಡಿದೆ. ನಿಂಗೆ ಬೇಜಾರು ಆಗ್ತದೆ ಅಂತ ಹೇಳ್ಲಿಲ್ಲ."

ಅಮ್ಮಣಿ ಗೋಡೆಗೆ ಒರಗಿದಳು. ಮೊಗವೀರರಲ್ಲಿ ದೋಣಿ ದಡಕ್ಕೆ ಬಂದಾಗ ಮೀನಿನ ಪಾಲು ಹಂಚುವವನು ತನ್ನ ಪಾಲನ್ನು ಎಲ್ಲರ ಕೊನೆಗೆ ತೆಗೆಯಬೇಕು. ಬಡಿಸುವ ಕೈ ಕೊನೆಗೆ ಉಣ್ಣಬೇಕು ಎಂದು ಅವಳ ತಾಯಿಯೂ ಹೇಳುತ್ತಿದ್ದಳು. ಅದಕ್ಕೇ ಅವಳ ಕೊಡಪಾನ ದಿನಾ ಸಾಲಿನ ತುದಿಯಲ್ಲಿ, ಎಲ್ಲರದೂ ಆದ ಮೇಲೆ. ಮೊನ್ನೆ ಸುಡುಬಿಸಿಲಿಗೆ ಬಾವಿ ಬೇಗ ಬತ್ತಿತು. ಕೊನೆಯ ಮನೆಗೆ ಹೊಯ್ದಾಗ ಬಾಲ್ದಿಗೆ ತಳದ ಹೊಯ್ಗೆ ತಾಗಿತು. ಅವಳ ಕೊಡಪಾನ ಖಾಲಿ ಉಳಿಯಿತು. "ನಿಮ್ಗೆ ಇಲ್ವಲ್ಲ ಅಕ್ಕ," ಎಂದು ಯಾರೋ ಹೇಳಿದ್ದಕ್ಕೆ, "ನಂಗೆ ನಾಳೆ ಉಂಟು," ಎಂದು ತಲೆ ಎತ್ತಿಕೊಂಡೇ ಮನೆಗೆ ಬಂದಿದ್ದಳು. ಆ ತಲೆ ಎತ್ತಿದ್ದು ನೆನಪಾಗಿ ಈಗ ಅವಳಿಗೆ ತನ್ನ ಮುಖಕ್ಕೇ ಹೊಡೆದುಕೊಳ್ಳಬೇಕು ಎನಿಸಿತು.

"ಅಮ್ಮಣಿಯಕ್ಕಾ," ಎಂದು ಹೊರಗಿನಿಂದ ಮಾಸ್ಟ್ರ ಸ್ವರ ಬಂತು. "ಹೊತ್ತಾಯ್ತು. ಗಂಟೆ ಹೊಡೀಲಾ?"

ಅಮ್ಮಣಿ ಬಾಗಿಲು ಪೂರ್ತಿ ತೆರೆಯಲಿಲ್ಲ. ಸಂದಿಯಲ್ಲಿ ನಿಂತಳು.

"ಕೌನ್ಸಿಲರು ನಿನ್ನೆ ಸಿಕ್ಕಿದ್ರು," ಎಂದರು ಮಾಸ್ಟ್ರು. ಮುಖದಲ್ಲಿ ಮಕ್ಕಳ ಸಂತೋಷ ಇತ್ತು. "ಇಡೀ ಊರಲ್ಲಿ ನಮ್ಮ ಕೇರಿಯ ಬಾವಿ ಒಂದೇ ಸರಿ ನಡೀತಾ ಇರುದಂತೆ. ಕಿನ್ನಿ ಎಲ್ಲಿ, ಕಾಣುದಿಲ್ಲ?"

"ಮಲಗಿದ್ದಾಳೆ," ಎಂದಳು ಅಮ್ಮಣಿ. ಸುಳ್ಳೇನೂ ಅಲ್ಲ. "ನೀವು ಹೊಡೀರಿ. ಬಂದೆ."

ಅವರು ಹೋದರು. ಅಮ್ಮಣಿ ಉಳಿದಿದ್ದ ಕಾಸಿದ ನೀರನ್ನು ಚೆಂಬಿಗೆ ಬಗ್ಗಿಸಿ ಮಗಳ ತಲೆಯ ಹತ್ತಿರ ಇಟ್ಟಳು. ಅರ್ಧ ಚೆಂಬೂ ಆಗಲಿಲ್ಲ. ಕೈಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದಳು. ತೊಳೆಯುತ್ತಾ ಲೆಕ್ಕ ಹಾಕಿದಳು. ಹೇಳಿದರೆ ಗಾಡಿ ಬರುತ್ತದೆ, ಕಿನ್ನಿಯನ್ನು ಒಯ್ಯುತ್ತದೆ. ಹೇಳಿದರೆ ತಾನು ಹಗ್ಗ ಮುಟ್ಟುವಂತಿಲ್ಲ. ತನ್ನದು ಬಿಟ್ಟು ಬೇರೆ ಕೈಯನ್ನು ಈ ಕೇರಿ ಒಪ್ಪುವುದಿಲ್ಲ. ನಾಳೆಗೆ ಎಲ್ಲರೂ ತಮ್ಮ ತಮ್ಮ ಹಗ್ಗ, ತಮ್ಮ ತಮ್ಮ ಕೊಡ ಇಳಿಸುತ್ತಾರೆ, ಹಲಗೆ ಕಿತ್ತು ಹಳೇ ಬಾವಿಗೆ ಹೋಗುತ್ತಾರೆ. ಹೇಳದಿದ್ದರೆ? ಇವತ್ತೊಂದು ದಿನ. ಕೈ ತೊಳೆದಾಗಿದೆ. ಎರಡು ತಾಸಿನ ಕೆಲಸ, ಮುಗಿಸಿ ಓಡಿ ಬಂದು ಮಗಳನ್ನು ತಾನೇ ನೋಡಿಕೊಂಡರೆ ಆಯ್ತು. ಲೆಕ್ಕ ಎಷ್ಟು ಸಲ ಹಾಕಿದರೂ ಅವಳಿಗೆ ಬೇಕಾದ ಉತ್ತರವೇ ಬಂತು. ಹೆದರಿದ ಮನಸ್ಸಿನ ಲೆಕ್ಕ ಹಾಗೆಯೇ.

ಗಂಟೆ ಹೊಡೆಯಿತು. ಅಮ್ಮಣಿ ತನ್ನ ಕೊಡಪಾನ ಎತ್ತಿಕೊಂಡು ಹೊರಟಳು.

ಬಾವಿಯ ಸುತ್ತ ಆಗಲೇ ಸಾಲು ಬೆಳೆದಿತ್ತು. ತಾಮ್ರದ ಕೊಡ, ಮಣ್ಣಿನ ಕೊಡ, ಹಿಡಿ ಹೋದ ಬಾಲ್ದಿ, ಅವುಗಳ ಹಿಂದೆ ಹೆಂಗಸರು. ಅಮ್ಮಣಿ ದಿನದ ಅಭ್ಯಾಸದಂತೆ ಸಾಲಿನ ತುದಿಯವರೆಗೆ ಹೋಗಿ ತನ್ನದನ್ನು ಕೊನೆಗೆ ಇಟ್ಟಳು. ಅದರ ಮುಂದೆ ಶರೀಫಾಳ ಕೊಡಪಾನ. ಎಂಟು ದಿನ ಶೆಡ್ಡಿನಲ್ಲಿ ಮಗನ ಮಲಮೂತ್ರ ಬಾಚಿ ಬಂದ ಶರೀಫಾ ಮುಖ ತಿರುಗಿಸಿ ನಿಂತಿದ್ದಳು.

"ಏನು ಅಮ್ಮಣಿ, ಇವತ್ತು ಮದುಮಗಳ ನಡಿಗೆ?" ಎಂದಳು ಸಾಲಿನ ಮೊದಲಲ್ಲಿದ್ದ ಬಾಗಿ. "ಬೇಗ ಬಾ ಮಾರಾಯ್ತಿ. ಮೊಮ್ಮಗ ಗಂಜಿ ಗಂಜಿ ಅಂತ ಕೂಗ್ತಾ ಇದ್ದಾನೆ."

ಅಮ್ಮಣಿ ಕಟ್ಟೆ ಹತ್ತಿದಳು. ರಾಟೆಯ ಪಕ್ಕದಲ್ಲಿ ಹಗ್ಗ ಸುರುಳಿ ಸುತ್ತಿ ಬಿದ್ದಿತ್ತು. ಬಗ್ಗಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಜಾರಿ ಕೈಯ ಮುಂದೆ ಬಿತ್ತು. ಅದರ ತುದಿ ಒದ್ದೆಯಾಗಿತ್ತು, ಬಿಳಿಚಿ ಅಂಟಾಗಿತ್ತು. ಕೈಯನ್ನು ಮೊಣಕೈಯವರೆಗೆ ಉಜ್ಜಿದ್ದಳು, ಸೀರೆ ಬದಲಿಸಲು ಮರೆತಿದ್ದಳು.

ಬೆಚ್ಚಿ ತಲೆ ಎತ್ತಿದರೆ ಶರೀಫಾ ನೋಡುತ್ತಿದ್ದಳು. ಇಷ್ಟು ದಿನದಲ್ಲಿ ಮೊದಲ ಸಲ ನೇರವಾಗಿ ನೋಡಿದ್ದು. ಸೆರಗು ನೋಡಿದಳು, ಅಮ್ಮಣಿಯ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು ಎಂಬುದು ಅಮ್ಮಣಿಗೂ ಗೊತ್ತಾಯಿತು.

ಈಗ ಕೂಗುತ್ತಾಳೆ ಎಂದುಕೊಂಡಳು ಅಮ್ಮಣಿ. ಕೂಗಲಿ. ಕೂಗಿದರೆ ತಿರುಗಿ ಕೂಗಬಹುದು. ಇಲ್ಲ, ಇದು ಗಂಜಿಯ ಕಲೆ, ನಿನಗೆ ಹಳೆಯ ಸಿಟ್ಟು ಎನ್ನಬಹುದು. ಕೇರಿ ಯಾರನ್ನು ನಂಬುತ್ತದೆ ಎಂಬುದೂ ಗೊತ್ತಿತ್ತು. ಆದರೆ ಶರೀಫಾ ಕೂಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಸುಮ್ಮನೆ ನಿಂತಳು. ಅಮ್ಮಣಿಗೆ ತಡೆಯಲಾಗದೆ ಹೋದದ್ದು ಅದನ್ನು.

ಅವಳು ಹಗ್ಗ ಮುಟ್ಟದೆ ಕಟ್ಟೆಯಿಂದ ಇಳಿದಳು. ಹತ್ತು ಹೆಜ್ಜೆ ಹಿಂದೆ ಸರಿದು, ಮೀನು ಕೂಗಿ ಮಾರಿದ ಗಂಟಲಿನಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನನ್ನ ಮನೆಯಲ್ಲಿ ಕಾಯಿಲೆ ಬಂದುಂಟು. ಕಿನ್ನಿಗೆ. ನಾನು ಹಗ್ಗ ಮುಟ್ಟುದಿಲ್ಲ."

ಗದ್ದಲ ಎದ್ದಿತು. ಕೊಡಗಳು ಒಂದಕ್ಕೊಂದು ತಾಗಿದವು. ಯಾರೋ ಅತ್ತರು, ಯಾರೋ ನಿನ್ನೆಯ ನೀರು ಕುಡಿದೆವಲ್ಲಾ ಎಂದು ಎದೆ ಬಡಿದುಕೊಂಡರು.

"ನಿನ್ನೆ ಏನೂ ಇರ್ಲಿಲ್ಲ!" ಎಂದು ಕೂಗಿದಳು ಅಮ್ಮಣಿ. "ಇವತ್ತು ಬೆಳಿಗ್ಗೆ ಸುರು ಆದದ್ದು. ದೈವದಾಣೆ!"

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ಬಾಗಿ. ಚುಚ್ಚಲೆಂದೇ ಹೇಳಿದ ಮಾತು. ಆದರೆ ಹೇಳಿದವಳ ಸ್ವರವೇ ನಡುಗಿತು.

ಮಾಸ್ಟ್ರ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಆದರೂ ಮೊದಲು ಮಾಡಬೇಕಾದದ್ದನ್ನು ಮಾಡಿದರು. "ಲೀಲಾಧರಾ, ಸೈಕಲ್ ತೆಗೆ. ಮುನ್ಸಿಪಾಲ್ಟಿಗೆ ಹೋಗು, ಗಾಡಿ ಕಳಿಸ್ಲಿಕ್ಕೆ ಹೇಳು, ಈಗಲೇ!" ಬಿಳಿ ಪಟ್ಟಿಯ ಯುವಕನೊಬ್ಬ ಓಡಿದ. ಅಷ್ಟರಲ್ಲಿ ಸಾಲು ಒಡೆದಿತ್ತು. ಇಬ್ಬರು ಹೆಂಗಸರು ಮನೆಯಿಂದ ತಮ್ಮದೇ ಹಗ್ಗ ತಂದರು. ಒಬ್ಬಳು ತನ್ನ ಕೊಡದ ಕೊರಳಿಗೆ ಅದನ್ನು ಬಿಗಿಯತೊಡಗಿದಳು. ಯಾವ ಮನೆಯ ಯಾವ ನೆಲದಲ್ಲಿ ಕುಳಿತು ಬಂದ ಕೊಡವೋ ಅದು! ಇನ್ನೊಂದು ಗಳಿಗೆಯಲ್ಲಿ ಅದು ಬಾವಿಗೆ ಇಳಿಯುತ್ತದೆ, ಅದರ ಹಿಂದೆ ಅರುವತ್ತು.

"ನಿಲ್ಲಿ, ನಿಲ್ಲಿ ಮಾರಾಯ್ತಿ," ಎಂದು ಮಾಸ್ಟ್ರು ಕೈ ಅಡ್ಡ ಹಿಡಿದರು. "ಬೇರೆ ಯಾರಾದ್ರೂ ಎಳೀಲಿ. ಯಾರು ಎಳೀತೀರಿ?"

"ಹಗ್ಗ ಶರೀಫಾಳಿಗೆ ಕೊಡಿ ಮಾಸ್ಟ್ರೆ," ಎಂದಳು ಅಮ್ಮಣಿ.

ಕೊಡಕ್ಕೆ ಹಗ್ಗ ಬಿಗಿಯುತ್ತಿದ್ದವಳ ಕೈಯೂ ನಿಂತಿತು.

"ಅವಳು ಶೆಡ್ಡಿನಲ್ಲಿ ಎಂಟು ದಿನ ಇದ್ದು ಬಂದವಳು. ಕೈ ಹೇಗೆ ತೊಳೆಯುದು, ನೀರು ಹೇಗೆ ಇಡುದು, ನಮ್ಗೆ ಯಾರಿಗೂ ಅವಳಷ್ಟು ಗೊತ್ತಿಲ್ಲ. ಕಾಯಿಲೆ ಬಾರದ ಹಾಗೆ ಸೂಜಿ ಹಾಕಿಸಿಕೊಂಡದ್ದೂ ಅವಳೊಬ್ಬಳೇ. ನಾವೆಲ್ಲ ಸೂಜಿ ಕಂಡು ಓಡಿದವರು."

"ಬ್ಯಾರ್ತಿ ಎಳೆದ ನೀರಾ?" ಎಂದಳು ಬಾಗಿ.

"ನನ್ನನ್ನು ಯಾರಾದ್ರೂ ಕೇಳಿದ್ರಾ?" ಎಂದಳು ಶರೀಫಾ.

ಅವಳ ಸ್ವರವನ್ನು ಆ ಬಾವಿಯ ಹತ್ತಿರ ಯಾರೂ ಹೆಚ್ಚು ಕೇಳಿರಲಿಲ್ಲ. ಎಲ್ಲರೂ ಅತ್ತ ತಿರುಗಿದರು. "ಅವತ್ತು ನನ್ನ ಕೊಡ ಒದ್ದಿರಿ ಅಮ್ಮಣಿಯಕ್ಕ. ಇವತ್ತು ಹಗ್ಗ ಹಿಡಿ ಅಂತ ಹೇಳ್ತೀರಿ. ನಂಗೆ ಎಂತ, ಮಾನ ಇಲ್ವಾ?"

ಅಮ್ಮಣಿಗೆ ಮನೆಯ ಕಡೆ ಓಡಬೇಕು ಎನಿಸುತ್ತಿತ್ತು. ಚೆಂಬಿನ ನೀರು ಇಷ್ಟರಲ್ಲಿ ಮುಗಿದಿರುತ್ತದೆ. ಕಾಲು ಕಿತ್ತಿಡಲು ಆಗಲಿಲ್ಲ. "ಉಂಟು," ಎಂದಳು. "ನಿನ್ನನ್ನು ಕಟ್ಟೆಯಿಂದ ದೂರ ಇಟ್ಟದ್ದು ತಪ್ಪಲ್ಲ ಶರೀಫಾ. ಆದ್ರೆ ನಿನ್ನ ಮಗ ಸಾಯ್ಲಿಕ್ಕೆ ಮಲಗಿದ್ದಾಗ ನಾನು ಆ ಮಾತು ಆಡಿದೆ, ಕೊಡ ಒದ್ದೆ. ಅದು ದೊಡ್ಡ ತಪ್ಪು. ನಾನು ಇವತ್ತು ಕಳ್ಳಿಯ ಹಾಗೆ ಹಗ್ಗ ಹಿಡೀಲಿಕ್ಕೆ ಬಂದವಳು. ನೀನು ನೋಡಿದೆ. ನೋಡಿಯೂ ನನ್ನ ಮಾನ ತೆಗೀಲಿಲ್ಲ. ನಂಗೆ ಬೈ, ಉಗಿ. ಇವರಿಗೆ ನೀರು ಕೊಡು."

ಶರೀಫಾ ತಲೆಯ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಬಿಗಿದು ಕಟ್ಟಿದಳು. ಕಟ್ಟೆಯ ಬುಡದಲ್ಲಿದ್ದ ಬ್ಲೀಚಿಂಗ್ ಪುಡಿನೀರಿನ ಬೋಗುಣಿಗೆ ಮೊಣಕೈಯವರೆಗೆ ಕೈ ಮುಳುಗಿಸಿ, ನಿಧಾನಕ್ಕೆ, ಬೆರಳು ಬೆರಳಿನ ಸಂದಿ ತೊಳೆದಳು. ಕಟ್ಟೆ ಹತ್ತಿದಳು. ರಾಟೆ ಕಿರ್ರೆಂದಿತು. ಬಾಲ್ದಿ ಕೆಳಗೆ ಹೋಯಿತು, ತುಂಬಿ ಮೇಲೆ ಬಂತು.

ಒಂದು ಕೊಡವೂ ಮುಂದೆ ಬರಲಿಲ್ಲ. ಸಾಲಿನ ಮೊದಲಲ್ಲಿದ್ದ ಬಾಗಿ ತನ್ನ ಕೊಡದ ಬಾಯಿಗೆ ಅಂಗೈ ಮುಚ್ಚಿ ಹಿಡಿದಳು.

ಶರೀಫಾ ತುಂಬಿದ ಬಾಲ್ದಿಯ ಕುಣಿಕೆ ಬಿಚ್ಚಿ ಎತ್ತಿಕೊಂಡು ಇಳಿದಳು. ಬಾಗಿಯನ್ನು ದಾಟಿದಳು. ತಾಮ್ರದ ಕೊಡಗಳನ್ನು ದಾಟಿದಳು, ಮಣ್ಣಿನ ಕೊಡಗಳನ್ನು ದಾಟಿದಳು, ತನ್ನದೇ ಕೊಡಪಾನವನ್ನೂ ದಾಟಿ ಸಾಲಿನ ತುದಿಗೆ ಬಂದು, ಕೊನೆಯಲ್ಲಿದ್ದ ಅಮ್ಮಣಿಯ ಕೊಡಪಾನಕ್ಕೆ, ಬಾಲ್ದಿ ಅಂಚಿಗೆ ತಾಗದ ಹಾಗೆ ಮೇಲಿನಿಂದ, ಕಂಠದವರೆಗೆ ಹೊಯ್ದಳು.

"ಗಂಜಿಯ ತಿಳಿಗೆ ಉಪ್ಪು ಹಾಕಿ ಚಮಚೆಯಲ್ಲಿ ಕೊಡ್ತಾ ಇರಿ," ಎಂದಳು. "ವಾಂತಿ ಮಾಡಿದ್ರೂ ಕೊಡಿ. ಗಾಡಿ ಬರುವವರೆಗೆ ನಿಲ್ಲಿಸ್ಬೇಡಿ. ಶುಕೂರನಿಗೆ ಹಾಗೇ ಮಾಡಿದ್ದು. ಶೆಡ್ಡಿನಲ್ಲಿ ಸೂಜಿ ಹಾಕುವಾಗ ಬೇಡ ಅನ್ಬೇಡಿ, ಕೈ ಹಿಡ್ಕೊಳ್ಳಿ."

ಅಮ್ಮಣಿ ಎರಡು ಕೈ ಸೇರಿಸಿ ಬೊಗಸೆ ಒಡ್ಡಿದಳು. ಬಾಲ್ದಿಯಲ್ಲಿ ಉಳಿದದ್ದನ್ನು ಶರೀಫಾ ಮೇಲಿನಿಂದ ಬಿಟ್ಟಳು. ಇಡೀ ಕೇರಿ ನೋಡುತ್ತಿದ್ದ ಹಾಗೆ ಅಮ್ಮಣಿ ಅದನ್ನು ಕುಡಿದಳು. ಮದ್ದಿನ ಒಗರು ಗಂಟಲಿಗೆ ತಾಗಿತು. ಕೊಡಪಾನವನ್ನು ಸೊಂಟಕ್ಕೇರಿಸಿ ಮನೆಯ ಕಡೆ ಓಡಿದಳು.

ಹಿಂದಿನಿಂದ ಬಾಗಿಯ ಸ್ವರ ಕೇಳಿತು. "ಎಂತ ಎಲ್ಲರೂ ಯಕ್ಷಗಾನ ನೋಡುವ ಹಾಗೆ ನಿಂತದ್ದು? ಹೊಯ್ಯಿ ಮಾರಾಯ್ತಿ ಇಲ್ಲಿಗೆ. ಮೊಮ್ಮಗನಿಗೆ ಗಂಜಿ ಆಗ್ಬೇಕು." ರಾಟೆ ಮತ್ತೆ ಕಿರ್ರೆಂದಿತು.

ಕಿನ್ನಿ ಬದುಕಿದಳು. ಅದನ್ನು ಕಾಯಿಸಿ ಹೇಳುವ ಕ್ರೂರತನ ನನಗೆ ಬೇಡ. ಆದರೆ ಸುಲಭದಲ್ಲಿ ಬದುಕಿದ್ದಲ್ಲ. ಗಾಡಿ ಹೊಡೆಯುವ ಮಾಯಿಲಪ್ಪ ಎತ್ತುಗಳನ್ನು ಓಡಿಸಿಕೊಂಡೇ ಬಂದರೂ ಗುಡ್ಡೆ ಹತ್ತುವಾಗ ಹುಡುಗಿಯ ನಾಡಿ ಸಿಗುತ್ತಿರಲಿಲ್ಲ. ಎರಡು ದಿನ ಅಮ್ಮಣಿ ಮಗಳ ಕೈ ಹಿಡಿದು ಕುಳಿತಳು. ಸೂಜಿ ಹಾಕುವಾಗ ಬೇಡ ಎನ್ನಲಿಲ್ಲ. ಪಕ್ಕದ ಎರಡು ಮಂಚಗಳು ಆ ಎರಡು ದಿನಗಳಲ್ಲಿ ಖಾಲಿಯಾದವು. ಮೂರನೆಯ ದಿನ ಕಿನ್ನಿ ಕಣ್ಣು ಬಿಟ್ಟು, "ಖಾಲಿ ಕೊಡ ತಂದೆಯಾ ಅಮ್ಮ?" ಎಂದು ಏನೋ ಗುಂಗಿನಲ್ಲಿ ಕೇಳಿದಳು. ಅಮ್ಮಣಿ ಶೆಡ್ಡಿನ ಹೊರಗೆ ಹೋಗಿ ಗೇರುಮರದ ಬುಡದಲ್ಲಿ ಕುಳಿತು ಗಟ್ಟಿಯಾಗಿ ಅತ್ತಳು.

ಹನ್ನೊಂದನೆಯ ದಿನ ತಾಯಿ ಮಗಳು ಕೇರಿಗೆ ಬಂದರು. ಮರುದಿನ ಗಂಟೆ ಹೊಡೆದಾಗ ಅಮ್ಮಣಿ ಕೊಡಪಾನ ಹಿಡಿದು ಬಾವಿಗೆ ಹೋದಳು. ಸಾಲು ಹಾಗೆಯೇ ಇತ್ತು. ಕಟ್ಟೆಯ ಮೇಲೆ ಶರೀಫಾ ಹಗ್ಗ ಎಳೆಯುತ್ತಿದ್ದಳು. ಬಿಲ್ಲವರ ನಾಲ್ಕು ಮನೆಯವರು ಮಾತ್ರ ಅವಳ ಕೈಯ ನೀರು ಬೇಡವೆಂದು ಬೇರೆ ಕೇರಿಗೆ ನಡೆದು ಹೋಗುತ್ತಿದ್ದಾರೆ ಎಂದು ಮಾಸ್ಟ್ರು ತಗ್ಗಿದ ಸ್ವರದಲ್ಲಿ ಹೇಳಿದರು. ಉಳಿದವರೆಲ್ಲ ಇದ್ದರು.

"ಹಗ್ಗ ಬೇಕಾ ಅಮ್ಮಣಿಯಕ್ಕ?" ಎಂದು ಶರೀಫಾ ಮೇಲಿನಿಂದ ಕೇಳಿದಳು.

"ಬೇಡ. ನಿನ್ನ ಕೈಯಲ್ಲೇ ಇರ್ಲಿ."

ಅಮ್ಮಣಿ ಅಭ್ಯಾಸಬಲದಿಂದ ಸಾಲಿನ ತುದಿಯತ್ತ ನಡೆದಳು. ಅಲ್ಲಿ ಶರೀಫಾಳ ಕೊಡಪಾನ ಇರಲಿಲ್ಲ. ಎಳೆಯುವವಳ ಕೊಡ ಕೊನೆಯಲ್ಲಿ ಇರಬೇಕಲ್ಲ ಎಂದು ಹಿಂದೆ ತಿರುಗಿ ನೋಡಿದಳು. ಅದು ಕಟ್ಟೆಯ ಪಕ್ಕದಲ್ಲಿ, ಬಾಗಿಯ ಕೊಡಕ್ಕಿಂತಲೂ ಮುಂದೆ ಇತ್ತು. ಕಂಠದವರೆಗೆ ತುಂಬಿತ್ತು, ಮೇಲೊಂದು ತಟ್ಟೆ ಮುಚ್ಚಿತ್ತು.

"ಎಂತ ನೋಡುದು?" ಎಂದಳು ಬಾಗಿ. "ನಾನೇ ಹೇಳಿದ್ದು. ಎಳೆಯುವವಳ ಕೊಡ ಮೊದಲು ತುಂಬ್ಬೇಕು, ಆಮೇಲೆ ನಮ್ದು. ಇನ್ನೊಬ್ಬಳು ಖಾಲಿ ಕೊಡ ಹೊತ್ತು ಮನೆಗೆ ಹೋಗುದು ಬೇಡ."

ಅಮ್ಮಣಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತನ್ನ ಕೊಡಪಾನವನ್ನು ಸಾಲಿನಲ್ಲಿ ಇಟ್ಟು, ಅದರ ಹಿಂದೆ ನಿಂತಳು.